ಪಿಡಿಎಫ್ ಮಾರುವವರು ಹಣ ಪಡೆಯುವ ಬಗೆ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಪಾಠ ಹೇಳುವ ಶಿಕ್ಷಕರೊಬ್ಬರು ತಮ್ಮ ನೋಟ್ಸನ್ನು ಪಿಡಿಎಫ್ ರೂಪದಲ್ಲಿ 200 ರೂಪಾಯಿಗೆ ಮಾರಲು ಹೊರಟರೆ, ಹಣ ಯಾವ ದಾರಿಯಲ್ಲಿ ಬರಬೇಕು ಎಂಬುದನ್ನು ಅವರು ಮೊದಲೇ ತೀರ್ಮಾನಿಸಬೇಕು. ಒಮ್ಮೆ ಕಳುಹಿಸಿದ ಫೈಲನ್ನು ಮರಳಿ ಪಡೆಯಲು ಸಾಧ್ಯವಿಲ್ಲವಾದ್ದರಿಂದ, ಹಣ ಖಚಿತವಾಗಿ ಬಂದ ಮೇಲೆಯೇ ಫೈಲ್ ಹೋಗುವ ವ್ಯವಸ್ಥೆ ಬೇಕು.

ದಿನಕ್ಕೆ ನಾಲ್ಕಾರು ಪ್ರತಿ ಮಾತ್ರ ಮಾರಾಟವಾಗುವುದಾದರೆ ಯುಪಿಐ ಕ್ಯೂಆರ್ ಕೋಡ್ ಸಾಕು. ಗ್ರಾಹಕರ ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಪಾವತಿಗೆ 2020ರ ಜನವರಿಯಿಂದ ವ್ಯಾಪಾರಿಯ ಮೇಲೆ ಎಂಡಿಆರ್ (ಪಾವತಿ ಸ್ವೀಕರಿಸಲು ವ್ಯಾಪಾರಿ ತೆರಬೇಕಾದ ಶುಲ್ಕ) ಇಲ್ಲ. ಆದರೆ ವಾಟ್ಸ್ಆ್ಯಪ್‌ನಲ್ಲಿ ಬರುವ ಸ್ಕ್ರೀನ್‌ಶಾಟನ್ನು ಎಂದಿಗೂ ರಸೀದಿಯೆಂದು ಭಾವಿಸಬಾರದು. ಅಂಥ ಚಿತ್ರಗಳನ್ನು ನಕಲಿಯಾಗಿ ತಯಾರಿಸುವುದು ತೀರ ಸುಲಭ. ಗ್ರಾಹಕರಿಂದ 12 ಅಂಕಿಗಳ ಯುಪಿಐ ವ್ಯವಹಾರ ಸಂಖ್ಯೆಯನ್ನು ಕೇಳಿ ಪಡೆದು, ಅದೇ ಸಂಖ್ಯೆ ಮತ್ತು ಅದೇ ಮೊತ್ತ ನಿಮ್ಮ ಖಾತೆಯ ವಿವರದಲ್ಲಿ ಕಂಡ ಬಳಿಕವೇ ಫೈಲ್ ಕಳುಹಿಸಬೇಕು.

ಮಾರಾಟ ಹೆಚ್ಚಿದಂತೆ ಈ ತಾಳೆ ನೋಡುವ ಕೆಲಸವೇ ದಿನವನ್ನೆಲ್ಲ ತಿನ್ನುತ್ತದೆ. ಆಗ ಪೇಮೆಂಟ್ ಗೇಟ್‌ವೇಗೆ, ಅಂದರೆ ಗ್ರಾಹಕರಿಂದ ಹಣ ಪಡೆದು ಮಾರುವವರ ಖಾತೆಗೆ ತಲುಪಿಸುವ ಸೇವೆಗೆ, ಹೋಗುವುದು ಮೇಲು. ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ವಿವರ ಕೊಟ್ಟು ಕೆವೈಸಿ ಮುಗಿಸಿದರೆ, ಸ್ವಂತ ಜಾಲತಾಣ ಇಲ್ಲದವರೂ ಪೇಮೆಂಟ್ ಲಿಂಕ್ ಮೂಲಕ ಹಣ ಪಡೆಯಬಹುದು. ಶುಲ್ಕ ಶೇ 2 ಎಂದಿಟ್ಟುಕೊಂಡರೆ, 200 ರೂಪಾಯಿಗೆ 4 ರೂಪಾಯಿ ಶುಲ್ಕ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಎಂದು 72 ಪೈಸೆ ಕಡಿತವಾಗಿ, 195 ರೂಪಾಯಿ 28 ಪೈಸೆ ಕೈಸೇರುತ್ತದೆ. ಈ ಮೊತ್ತವೂ ಸಾಮಾನ್ಯವಾಗಿ ಒಂದೆರಡು ಕೆಲಸದ ದಿನಗಳ ನಂತರವೇ ಖಾತೆಗೆ ಜಮೆಯಾಗುತ್ತದೆ. ಸ್ವಂತ ಜಾಲತಾಣವಿದ್ದವರು, ಗ್ರಾಹಕರ ಪರದೆಯ ಮೇಲೆ ಮೂಡುವ ‘ಪಾವತಿ ಯಶಸ್ವಿ’ ಎಂಬ ಪುಟವನ್ನು ನೆಚ್ಚದೆ, ಹಣ ಬಂದಿತೆಂದು ಗೇಟ್‌ವೇ ತಾನೇ ಜಾಲತಾಣದ ಸರ್ವರ್‌ಗೆ ಕಳುಹಿಸುವ ವೆಬ್‌ಹುಕ್ ಸಂದೇಶದ ಸಹಿಯನ್ನು (ಸಂದೇಶ ಗೇಟ್‌ವೇಯಿಂದಲೇ ಬಂದದ್ದೆಂದು ತೋರಿಸುವ ಗುರುತನ್ನು) ಪರಿಶೀಲಿಸಿದ ನಂತರ ಡೌನ್‌ಲೋಡ್ ಲಿಂಕ್ ಹೊರಡುವಂತೆ ಮಾಡಿಸಿಕೊಳ್ಳಬೇಕು. ಆ ಲಿಂಕಿಗೆ ಅವಧಿ ಮಿತಿಯೂ ಇರಲಿ.

ತಿಂಗಳ ಚಂದಾ ವಸೂಲಿಗೆ, ಗ್ರಾಹಕರು ಒಮ್ಮೆ ಒಪ್ಪಿಗೆ ಕೊಟ್ಟರೆ ಹಣ ತಾನಾಗಿಯೇ ಕಡಿತವಾಗುವ ಯುಪಿಐ ಆಟೋಪೇ ಇದೆ. ಹಿಂದೂಸ್ತಾನಿ ಸಂಗೀತದ ಪಾಠಗಳನ್ನು ಹೊರದೇಶದ ಕನ್ನಡಿಗರಿಗೆ ಮಾರುವವರು ಪೇಪಾಲ್ ಎಂಬ ಅಂತರರಾಷ್ಟ್ರೀಯ ಪಾವತಿ ಸೇವೆಯನ್ನು ಬಳಸಬಹುದು. 2021ರ ಏಪ್ರಿಲ್‌ನಿಂದ ಅದು ಭಾರತದೊಳಗಿನ ಪಾವತಿಗಳನ್ನು ನಿಲ್ಲಿಸಿದ್ದರೂ ವಿದೇಶದಿಂದ ಬರುವ ಹಣಕ್ಕೆ ಸೇವೆ ಮುಂದುವರಿಸಿತು.

ಹಣ ಮರಳಿಸುವ ನಿಯಮವನ್ನು ಖರೀದಿಗೆ ಮೊದಲೇ ಕಾಣುವಂತೆ ಬರೆಯಬೇಕು. ಕೊಂಡ ಫೈಲ್ ದೋಷದಿಂದಾಗಿ ತೆರೆದುಕೊಳ್ಳದಿದ್ದರೆ ತಕರಾರಿಲ್ಲದೆ ಹಣ ಮರಳಿಸುವುದೇ ನ್ಯಾಯ. ಆದರೆ ಗೇಟ್‌ವೇ ಕಡಿತಮಾಡಿದ ಶುಲ್ಕ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ ಎಂಬುದನ್ನು ಬೆಲೆ ನಿಗದಿ ಮಾಡುವಾಗಲೇ ಲೆಕ್ಕಕ್ಕೆ ಹಿಡಿಯಿರಿ. ಮಾರಾಟ ಆರಂಭಿಸುವ ಮುನ್ನ ಮನೆಯವರ ಫೋನಿನಿಂದ ಒಂದು ಪ್ರತಿಯನ್ನು ಕೊಂಡು, ಅದರ ಹಣವನ್ನು ಮರಳಿಸುವವರೆಗಿನ ಎಲ್ಲ ಹಂತಗಳನ್ನೂ ಪರೀಕ್ಷಿಸಿ.