ಇಳಿತ ನೋಡಿ ಕಾಡಿಗೆ ಹೊರಟಿದ್ದು: ಕೋಸ್ಟರಿಕಾದಲ್ಲಿ ನನ್ನ ಅನುಭವ

ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಸೊಕ್ಕು ಇರುತ್ತದೆ. ಮಳೆ ನೋಡಿದ್ದೇವೆ, ಕಾಡು ನೋಡಿದ್ದೇವೆ, ಇನ್ನೇನಿದೆ ಅಂತ. ನಮ್ಮ ಮನೆ ಶೃಂಗೇರಿ ಹತ್ತಿರ, ಆಗುಂಬೆ ಅಲ್ಲಿಂದ ದೂರವೇನಲ್ಲ. ಹಾಗಾಗಿ ಕೋಸ್ಟರಿಕಾದ ಕೊರ್ಕೊವಾಡೋ ಕಾಡಿಗೆ ಹೊರಟಾಗ ನನಗೆ ಇದ್ದ ಚಿಂತೆ ಎರಡೇ, ಸ್ಪ್ಯಾನಿಷ್ ಮತ್ತು ಊಟ. ಜೊತೆಗೆ ಬಂದ ಗೆಳೆಯ ಕುಂದಾಪುರದ ಕಡೆಯವನು. ಗೈಡ್ ಕಳಿಸಿದ ದಾರಿಯ ವಿವರ ಓದಿ ಅವನು ಕೇಳಿದ ಮೊದಲ ಪ್ರಶ್ನೆ, "ಅಲ್ಲ ಮಾರಾಯ, ಭರ್ತ ಬಂದ್ರೆ ಎಲ್ಲಿಗೆ ಓಡುದು?" ನಾನು ನಕ್ಕೆ. ಕಾಡಿಗೆ ಹೋಗುವವನಿಗೆ ಸಮುದ್ರದ ಉಬ್ಬರ ಇಳಿತ ಯಾಕೆ?

ಕೊರ್ಕೊವಾಡೋ ಇರುವುದು ದೇಶದ ದಕ್ಷಿಣದ ತುದಿಯಲ್ಲಿ, ಶಾಂತ ಸಾಗರಕ್ಕೆ ಚಾಚಿಕೊಂಡ ಓಸಾ ಎಂಬ ಪರ್ಯಾಯ ದ್ವೀಪದಲ್ಲಿ. 1975ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು, ಸುಮಾರು 420 ಚದರ ಕಿ.ಮೀ. ಕಾಡು. ನಮ್ಮ ಕುದುರೆಮುಖ ಇದಕ್ಕಿಂತ ದೊಡ್ಡದು. ಆದರೆ ಇಲ್ಲಿ ಕಾಡು ನೇರ ಸಮುದ್ರದ ಮರಳಿಗೇ ಬಂದು ನಿಲ್ಲುತ್ತದೆ. ಒಳಗಿನ ಸಿರೇನಾ ಎಂಬ ಅರಣ್ಯ ಠಾಣೆಗೆ ಜಾಸ್ತಿ ಜನ ಡ್ರೇಕ್ ಬೇ ಎಂಬ ಊರಿನಿಂದ ದೋಣಿಯಲ್ಲಿ ಬರುತ್ತಾರೆ. ನಾವು ನಡೆದು ಹೋಗಿ ದೋಣಿಯಲ್ಲಿ ವಾಪಸ್ ಬರೋಣ ಅಂತ ತೀರ್ಮಾನಿಸಿದೆವು. ನಡೆಯುವುದು ನನ್ನದೇ ಹಠ.

ತಯಾರಿಯ ಮಾತು ಬೇಗ ಹೇಳಿ ಮುಗಿಸುತ್ತೇನೆ. ಇಬ್ಬರಿಗೂ ಆಫೀಸಿನ ಕೆಲಸಕ್ಕೆ ಮಾಡಿಸಿದ್ದ ಅಮೆರಿಕಾ ವೀಸಾ ಇತ್ತು, ಅದರ ಮೇಲೇ ಒಳಗೆ ಬಿಟ್ಟರು. ನೀವು ಹೊರಡುವ ಮುಂಚೆ ನಿಯಮ ಇನ್ನೊಮ್ಮೆ ನೋಡಿಕೊಳ್ಳಿ. 2014ರಿಂದ ಗೈಡ್ ಇಲ್ಲದೆ ಈ ಕಾಡಿನೊಳಗೆ ಬಿಡುವುದಿಲ್ಲ. ಪಾಸ್‌ಪೋರ್ಟ್ ನಂಬರ್ ಕೊಟ್ಟರೆ ಪರವಾನಗಿ ಅವರೇ ಮಾಡಿಸುತ್ತಾರೆ, ಆದರೆ ಒಂದು ದಿನಕ್ಕೆ ಇಷ್ಟೇ ಜನ ಅಂತ ಲೆಕ್ಕ ಇದೆ. ನಾವು ತಡವಾಗಿ ಕೇಳಿದ್ದಕ್ಕೆ ಅಂದುಕೊಂಡ ದಿನ ಸಿಗಲಿಲ್ಲ, ಪೋರ್ತೊ ಹಿಮೇನೆಸ್ ಎಂಬ ಪುಟ್ಟ ಊರಿನಲ್ಲಿ ಎರಡು ದಿನ ಸುಮ್ನೆ ಕೂತೆವು. ಸುಮ್ನೆ ಅಂದರೂ, ಅಲ್ಲಿನ ಬೀದಿಯ ಕಾಡು ಬಾದಾಮಿ ಮರಗಳಲ್ಲಿ ಕೆಂಪು ಮಕಾವ್ ಗಿಳಿಗಳು ಜಗಳ ಆಡುತ್ತಾ ಕಾಯಿ ಒಡೆದು ಕೆಳಗೆ ಬೀಳಿಸುತ್ತಿರುತ್ತವೆ. ಬೆಂಗಳೂರಿನ ಫುಟ್‌ಪಾತ್‌ನಲ್ಲಿ ದೊಡ್ಡ ಎಲೆ ಉದುರಿಸಿಕೊಂಡು ನಿಲ್ಲುತ್ತದಲ್ಲ, ಅದೇ ಮರ. ಮೂಲತಃ ನಮ್ಮ ಕಡೆಯದ್ದು, ಏಷ್ಯಾದ್ದು. ಅಲ್ಲಿಗೆ ಹೋಗಿ ಮಕಾವ್‌ಗಳಿಗೆ ಊಟ ಆಗಿದೆ.

ಫೆಬ್ರವರಿಯ ಒಂದು ಬೆಳಗ್ಗೆ 4 ಗಂಟೆಗೆ ಜೀಪ್. ಹಳ್ಳಗಳಲ್ಲೇ ಇಳಿದು ಹತ್ತುವ ಮಣ್ಣಿನ ರಸ್ತೆ, ಕಾರಾತೆ ಎಂಬಲ್ಲಿ ಮುಗಿಯುತ್ತದೆ. ಅಲ್ಲಿಂದ ಮೂರೂವರೆ ಕಿಲೋಮೀಟರ್ ಮರಳಲ್ಲಿ ನಡೆದರೆ ಲಾ ಲಿಯೋನಾ ಚೌಕಿ. ಚೀಲ ಬಿಚ್ಚಿ ನೋಡಿದರು, ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ. ಅಲ್ಲಿಂದ ಸಿರೇನಾಕ್ಕೆ ಇನ್ನೂ 16 ಕಿ.ಮೀ. ಗೈಡ್ ಕೈಗಡಿಯಾರ ನೋಡಿ, ಇಳಿತ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಎರಡೂವರೆ ಒಳಗೆ ರಿಯೋ ಕ್ಲಾರೋ ಹೊಳೆ ದಾಟಬೇಕು ಅಂದರು. ಗೆಳೆಯ ನನ್ನ ಮುಖ ನೋಡಿದ.

ದಾರಿ ಸ್ವಲ್ಪ ಹೊತ್ತು ಕಾಡಿನೊಳಗೆ, ಸ್ವಲ್ಪ ಹೊತ್ತು ಮರಳಿನ ಮೇಲೆ. ಬಂಡೆ ಸಮುದ್ರಕ್ಕೆ ಮೂತಿ ಚಾಚಿದ ಕಡೆ ನೀರು ಇಳಿದಾಗ ಮಾತ್ರ ಕೆಳಗಿಂದ ದಾಟಬಹುದು. ಅಂಥ ಒಂದು ಮೂಲೆಯ ಹೆಸರು ಸಾಲ್ಸಿಪುಯೆದೆಸ್, ಅಂದರೆ 'ಸಾಧ್ಯವಾದರೆ ಹೊರಗೆ ಬಾ'! ಇಂಥ ಹೆಸರು ಇಟ್ಟವರು ಹಾಸ್ಯಕ್ಕೆ ಇಟ್ಟಿರಲಿಕ್ಕಿಲ್ಲ.

ನನಗೆ ನಮ್ಮ ಕಾಡಿನ ಅಭ್ಯಾಸಗಳೇ ಅಡ್ಡ ಬಂದವು. ಊರಲ್ಲಿ ನನ್ನ ಕಿವಿ ಆನೆಗೆ, ಕಾಲಿನ ಮೇಲಿನ ಕಣ್ಣು ಇಂಬಳಕ್ಕೆ. ಅಲ್ಲಿ ಎರಡೂ ಇಲ್ಲ. ಆನೆ ಇಲ್ಲದ ಕಾಡಿನಲ್ಲಿ ನಡೆಯುವ ಹಗುರವೇ ಬೇರೆ, ಮಲೆನಾಡಿನವರಿಗೆ ಇದು ಅರ್ಥ ಆಗುತ್ತದೆ. ಆ ಹಗುರದಲ್ಲಿ ನಾನು ಮೇಲೆ ನೋಡುತ್ತಾ ನಡೆಯುತ್ತಿದ್ದೆ. ಗೈಡ್ ತೋಳು ಹಿಡಿದು ನಿಲ್ಲಿಸಿದರು. ದಾರಿಯ ಪಕ್ಕ, ಎರಡು ಹೆಜ್ಜೆ ಆಚೆ, ಒಣಗಿದ ಎಲೆಯ ರಾಶಿ. ಅವರು ಕೋಲು ತೋರಿಸಿದ ಮೇಲೂ ಅರ್ಧ ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಎಲೆಗಳ ನಡುವೆ ಒಂದು ಸುರುಳಿ ಕಂಡಿತು. ತೆರ್ಸಿಯೊಪೆಲೊ ಹಾವು. ಸ್ಪ್ಯಾನಿಷ್‌ನಲ್ಲಿ ಮಖಮಲ್ ಅಂತ ಅರ್ಥವಂತೆ. ನಮ್ಮ ಕೊಳಕುಮಂಡಲಕ್ಕೆ ಇರುವ ಕೆಟ್ಟ ಹೆಸರು ಅಲ್ಲಿ ಇದಕ್ಕೆ, ಮಂಡಲದ ಜಾತಿಯದೇ. ಇದರ ವಿಷಕ್ಕೆ ಔಷಧ ತಯಾರಿಸುವ ಕ್ಲೊಡೊಮಿರೊ ಪಿಕಾಡೊ ಸಂಸ್ಥೆ ರಾಜಧಾನಿ ಸಾನ್ ಹೋಸೆ ಕಡೆ ಇದೆ, ಅಂದರೆ ನಾವು ಇಡೀ ದಿನ ಬಸ್ಸಿನಲ್ಲಿ ಕೂತು ಬಂದ ದಾರಿಯ ಆ ತುದಿ. ಆಮೇಲೆ ನಾನು ನೆಲ ಬಿಟ್ಟು ಬೇರೆ ಕಡೆ ನೋಡಿದ್ದು ನಿಂತಾಗ ಮಾತ್ರ.

ನೆಲ ನೋಡಿದ್ದರಿಂದ ಇರುವೆ ಸಿಕ್ಕವು. ಎಲೆಯ ಚೂರು ಹೊತ್ತ ಇರುವೆಗಳ ಸಾಲು, ಹಸಿರು ಹಾಯಿದೋಣಿಗಳು ಸಾಲಾಗಿ ಹೋದಂತೆ. ಅವು ಆ ಎಲೆ ತಿನ್ನುವುದಿಲ್ಲ. ಗೂಡಿನೊಳಗೆ ಗೊಬ್ಬರದಂತೆ ಹಾಕಿ ಅದರ ಮೇಲೆ ಒಂದು ಬಗೆಯ ಅಣಬೆ ಬೆಳೆಸಿ, ಅದನ್ನು ತಿನ್ನುತ್ತವೆ. ಗೈಡ್ ಇದನ್ನು ಹೇಳುವಾಗ ನಾವು ಊರಲ್ಲಿ ಚಗಳಿ ಇರುವೆಯ ಚಟ್ನಿ ಮಾಡುತ್ತೇವೆ ಅಂತ ನಾನು ಹೇಳಿದೆ. ಅವರು ಅರ್ಧ ಹೆಜ್ಜೆ ದೂರ ಸರಿದಂತೆ ಕಂಡಿತು.

ಅವರ ಅಪ್ಪ ಇದೇ ಹೊಳೆಗಳಲ್ಲಿ ಚಿನ್ನ ಸೋಸುತ್ತಿದ್ದವರು. ಉದ್ಯಾನ ಆದ ಮೇಲೂ ನೂರಾರು ಜನ ಒಳಗಿದ್ದರು, 1986ರಲ್ಲಿ ಸರ್ಕಾರ ಅವರನ್ನು ಹೊರಗೆ ಹಾಕಿತು. "ಅಪ್ಪನನ್ನು ಓಡಿಸಿದ ಕಾಡಿಗೆ ನಾನು ಜನ ಕರೆದುಕೊಂಡು ಬರುತ್ತೇನೆ" ಅಂತ ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ಕುದುರೆಮುಖದ ಗಲಾಟೆಗಳನ್ನು ಹತ್ತಿರದಿಂದ ಕೇಳಿ ಬೆಳೆದ ನನಗೆ ನಗು ಬರಲಿಲ್ಲ.

ತಪ್ಪು ಆಗಿದ್ದು ಊಟದ ಮೇಲೆ. ಮಕಾವ್‌ಗಳ ಒಂದು ಗುಂಪು ತೀರ ಕೆಳಗಿನ ಕೊಂಬೆಗೆ ಬಂದಿತ್ತು. ಹತ್ತು ನಿಮಿಷ ಅಂತ ನಿಂತವನು ಎಷ್ಟು ಹೊತ್ತು ನಿಂತೆನೋ, ಗೈಡ್ ಎರಡು ಸಲ ಕರೆದರು. ಆಮೇಲೆ ಒಂದು ಟೂಕನ್. ನೋಡಲು ನಮ್ಮ ಮಂಗಟ್ಟೆಯೇ ಅನ್ನಿಸುತ್ತದೆ, ಆದರೆ ಎರಡಕ್ಕೂ ನೆಂಟಸ್ತಿಕೆ ಇಲ್ಲ, ಒಂದೇ ಥರದ ಹಣ್ಣಿನ ಬದುಕು ಇಬ್ಬರಿಗೂ ಆ ಥರದ ಕೊಕ್ಕು ಕೊಟ್ಟಿದೆ. ಅದಕ್ಕೂ ನಿಂತೆ. ರಿಯೋ ಕ್ಲಾರೋ ತಲುಪಿದಾಗ ಮೂರು ದಾಟಿತ್ತು. ಮೊಣಕಾಲು ನೀರು ಇರಬೇಕಿದ್ದ ಕಡೆ ಸಮುದ್ರ ಹೊಳೆಯೊಳಗೆ ನುಗ್ಗುತ್ತಿತ್ತು. ಗೈಡ್ ಮಾತಾಡಲಿಲ್ಲ. ದಡದಲ್ಲೇ ಸ್ವಲ್ಪ ಮೇಲಕ್ಕೆ ಹೋಗಿ, ಮೊಸಳೆ ಇದೆಯಾ ಅಂತ ಬಹಳ ಹೊತ್ತು ನೋಡಿ, ಕೋಲು ಊರಿ ಊರಿ ಮೊದಲು ತಾವು ದಾಟಿದರು, ಆಮೇಲೆ ವಾಪಸ್ ಬಂದು ನಮ್ಮನ್ನು ಕರೆದುಕೊಂಡು ಹೋದರು. ನನಗೆ ಎದೆ ಮಟ್ಟದ ನೀರು. ಚೀಲ ತಲೆ ಮೇಲೆ. ಫೋನ್ ಮಾತ್ರ ಪ್ಯಾಂಟಿನ ಜೇಬಿನಲ್ಲಿ. ಮಕಾವ್ ಫೋಟೋಗಳ ಸಮೇತ ಅಲ್ಲೇ ಸತ್ತಿತು.

ಸಿರೇನಾದಲ್ಲಿ ಮರದ ಜಗಲಿಯ ಮೇಲೆ ಸಾಲು ಮಂಚ, ಸೊಳ್ಳೆಪರದೆ. ಅಡುಗೆ ನಾವು ಮಾಡಿಕೊಳ್ಳುವಂತಿಲ್ಲ, ಅಲ್ಲೇ ಊಟ ಕೊಳ್ಳಬೇಕು. ಮಾಂಸ ಬೇಡ ಅಂದರೆ ಅನ್ನ, ಕಪ್ಪು ಹುರುಳಿಯಂಥ ಕಾಳು, ಕರಿದ ಬಾಳೆಕಾಯಿ. ಬೆಳಗ್ಗೆ ಅದೇ ಅನ್ನ ಕಾಳು ಕಲಸಿ ಬಿಸಿ ಮಾಡಿದ ಗಾಯೊ ಪಿಂಟೊ, ನಮ್ಮ ಚಿತ್ರಾನ್ನದ ನ್ಯಾಯವೇ. ಉಪ್ಪಿನಕಾಯಿ ಒಂದಿದ್ದಿದ್ದರೆ!

ಬೆಳಗಿನ ಜಾವ ಹೌಲರ್ ಕೋತಿಗಳು ಕೂಗಿದಾಗ ಹತ್ತಿರದಲ್ಲೇ ಏನೋ ದೊಡ್ಡ ಪ್ರಾಣಿ ಗುರುಗುಟ್ಟುತ್ತಿದೆ ಅಂತ ಎದ್ದು ಕೂತೆ. ಆರು ಗಂಟೆ ಹೊತ್ತಿಗೆ ಟೇಪಿರ್ ಕಂಡಿತು. ಮಧ್ಯ ಅಮೆರಿಕದ ಕಾಡಿನ ಅತಿ ದೊಡ್ಡ ಪ್ರಾಣಿ ಇದೇ. ಹಂದಿಯ ಮೈ, ಸೊಂಡಿಲಾಗಲು ಹೊರಟು ಅರ್ಧಕ್ಕೆ ನಿಂತ ಮೂಗು. ಕೆಸರಿನಲ್ಲಿ ಮಲಗಿ ಒಂದು ಕಿವಿ ಮಾತ್ರ ಆಡಿಸುತ್ತಿತ್ತು. ನಾವು ಇಪ್ಪತ್ತು ನಿಮಿಷ ನಿಂತರೂ ಏಳಲಿಲ್ಲ. ಫೋಟೋ ಗೆಳೆಯನ ಫೋನಿನಲ್ಲಿದೆ, ಕೇಳಿದಾಗಲೆಲ್ಲ ಕಳಿಸುತ್ತೇನೆ ಅನ್ನುತ್ತಾನೆ.

ಸಾಮಾನಿನ ಬಗ್ಗೆ ಕೇಳುವವರಿಗೆ: ಜೀನ್ಸ್ ಬೇಡ, ಒದ್ದೆ ಆದರೆ ಒಣಗುವುದೇ ಇಲ್ಲ. ಇಂಬಳ ಇಲ್ಲ ಅಂತ ಚಡ್ಡಿಯಲ್ಲಿ ಹೋಗಬೇಡಿ, ಉಣುಗು ಇದೆ, ಮರಳಿನ ಮೇಲೆ ಕಣ್ಣಿಗೆ ಕಾಣದ ನೊಣ ಇದೆ, ಅದರ ಕಡಿತ ವಾರಗಟ್ಟಲೆ ಕೆರೆಯುತ್ತದೆ. ಗೆಳೆಯ ತಂದಿದ್ದ ಲುಂಗಿ ಮತ್ತು ಬೈರಾಸು ನನ್ನ ಎಲ್ಲ ದುಬಾರಿ ಬಟ್ಟೆಗಿಂತ ಕೆಲಸಕ್ಕೆ ಬಂದವು. ಗೈಡ್ ಹಾಕಿದ್ದು ಮಾಮೂಲಿ ರಬ್ಬರ್ ಬೂಟು, ಹೊಳೆ ದಾಟಿ ನೀರು ಸುರಿದು ಮತ್ತೆ ಹಾಕಿಕೊಂಡರೆ ಮುಗಿಯಿತು. ನಾನು ಸಾಲ ಮಾಡಿದವನಂತೆ ದುಡ್ಡು ಸುರಿದು ತಂದ ಚರ್ಮದ ಟ್ರೆಕ್ಕಿಂಗ್ ಬೂಟು ಮೊದಲ ಹೊಳೆಯಲ್ಲೇ ತುಂಬಿ, ಸಂಜೆಯೊಳಗೆ ಎರಡೂ ಹಿಮ್ಮಡಿಯ ಚರ್ಮ ತೆಗೆದಿತ್ತು. ಬೆಂಗಳೂರಿಗೆ ಬಂದು ಎರಡು ವಾರ ಟೆರೇಸಿನ ಬಿಸಿಲಲ್ಲಿ ಇಟ್ಟೆ. ವಾಸನೆ ಇನ್ನೂ ಇದೆ.