ಜಪಾನೀ ಕಲಿಯುವಾಗ ‘ಗಳು’ ಹುಡುಕಬೇಡಿ

ಕಕ್ಕಬ್ಬೆ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ತಡಿಯಂಡಮೋಳ್ ಹತ್ತಲು ಬರುವವರಲ್ಲಿ ಆಗೊಮ್ಮೆ ಈಗೊಮ್ಮೆ ಜಪಾನಿನವರೂ ಇರುತ್ತಾರೆ. ಅವರ ಜೊತೆ ನಾಲ್ಕು ಮಾತಾಡಬೇಕು ಅಂತ ಜಪಾನೀ ಕಲಿತೆ. ಈಗ ಅಕ್ಕನ ಮಗಳಿಗೂ ಹೇಳಿಕೊಡುತ್ತಿದ್ದೇನೆ. ಮೊದಲ ವಾರವೇ ಅವಳು ಕೇಳಿದಳು: ‘ಚಿಕ್ಕಮ್ಮ, ಬೆಕ್ಕು ಅಂದ್ರೆ ನೆಕೊ. ಬೆಕ್ಕುಗಳು ಅಂದ್ರೆ?’

ಅದೂ ನೆಕೊ.

ಇಂಗ್ಲಿಷಿನಲ್ಲಿ ಒಂದಾದರೆ ಕ್ಯಾಟ್, ಎರಡಾದ ಕೂಡಲೇ ಕ್ಯಾಟ್ಸ್. ಶೀಪ್‌ನಂಥ ಕೆಲವು ಪದ ಬಿಟ್ಟರೆ ಬಾಲ ಸೇರಿಸಲೇಬೇಕು. ಶಾಲೆಯಲ್ಲಿ ಕಲಿತ ಆ ಅಭ್ಯಾಸವನ್ನು ಜಪಾನೀಗೆ ತರಬೇಡಿ. ಕನ್ನಡವನ್ನೇ ತನ್ನಿ. ‘ಮೂರು ಕಾಫಿ ಕೊಡಿ’, ‘ಹತ್ತು ಕಿತ್ತಳೆ ಹಾಕಿ’ ಅನ್ನುತ್ತೇವೆ. ‘ಮೂರು ಕಾಫಿಗಳು’ ಅಂತ ಯಾರೂ ಕೇಳುವುದಿಲ್ಲ, ಅಲ್ವಾ? ಜಪಾನೀ ಇದನ್ನೇ ಇನ್ನೂ ಮುಂದಕ್ಕೆ ಒಯ್ಯುತ್ತದೆ. ಎಷ್ಟು ಅಂತ ಹೇಳುವ ಅಗತ್ಯವಿಲ್ಲದಿದ್ದರೆ ಸುಮ್ನೆ ನೆಕೊ ಅಂದರೆ ಸಾಕು. ಒಂದೋ ಹತ್ತೋ ಅನ್ನುವುದು ಸಂದರ್ಭದಿಂದ ತಿಳಿಯುತ್ತದೆ.

ಲೆಕ್ಕ ಹೇಳಲೇಬೇಕಾದಾಗ ನಿಜವಾದ ಕೆಲಸ ಶುರು. ಅಂಕಿಯ ಜೊತೆ ಎಣಿಕೆಯ ಪದವೊಂದು ಬೇಕು. ಅದು ವಸ್ತುವಿನ ಆಕಾರ ನೋಡಿ ಬದಲಾಗುತ್ತದೆ. ಇದನ್ನು ಪುಸ್ತಕ ಇಟ್ಟುಕೊಂಡು ಬಾಯಿಪಾಠ ಮಾಡುವುದಕ್ಕಿಂತ ಮನೆಯಲ್ಲಿ ಓಡಾಡುತ್ತಾ ಕಲಿಯುವುದು ಒಳ್ಳೆಯದು. ನಾವು ಹಾಗೇ ಮಾಡಿದೆವು. ಜಗಲಿಯಲ್ಲಿ ಒಣಹಾಕಿದ ಕೊಡೆಗಳಿಂದ ಆರಂಭ. ಉದ್ದನೆಯ ವಸ್ತುವಿಗೆ ‘ಹೊನ್’: ಇಪ್ಪೊನ್, ನಿಹೊನ್, ಸನ್‌ಬೊನ್. ಅಡುಗೆಮನೆಯ ಬಾಳೆಎಲೆ ಚಪ್ಪಟೆ, ಅದಕ್ಕೆ ‘ಮಾಯ್’: ಇಚಿಮಾಯ್, ನಿಮಾಯ್, ಸನ್‌ಮಾಯ್. ಅಕ್ಕಿ ರೊಟ್ಟಿಗೂ ಇದೇ. ಕಡಂಬುಟ್ಟು ಸಣ್ಣ ಉಂಡೆ, ಅದಕ್ಕೆ ‘ಕೊ’: ಇಕ್ಕೊ, ನಿಕೊ, ಸನ್‌ಕೊ. ಲೋಟದ ಕಾಫಿಗೆ ‘ಹಾಯ್’: ಇಪ್ಪಾಯ್, ನಿಹಾಯ್, ಸನ್‌ಬಾಯ್. ಹೊನ್ ಮತ್ತು ಹಾಯ್‌ನ ಮೊದಲ ಅಕ್ಷರ ಒಂದರಲ್ಲಿ ‘ಪ’, ಮೂರರಲ್ಲಿ ‘ಬ’ ಆಗುವುದನ್ನು ಗಮನಿಸಿ. ತಪ್ಪುವುದು ಜಾಸ್ತಿ ಅಲ್ಲೇ.

ಮಳೆಗಾಲದಲ್ಲಿ ಕಾಲಿಗೆ ಹತ್ತುವ ಜಿಗಣೆಗೂ ನೆಕೊಗೂ ‘ಹಿಕಿ’. ದುಬಾರೆಯ ಆನೆಗೆ ಅದು ಸಲ್ಲದು. ದೊಡ್ಡ ಪ್ರಾಣಿಗೆ ‘ತೋ’. ಮನುಷ್ಯರಿಗೆ ‘ನಿನ್’, ಆದರೆ ಒಬ್ಬರು ‘ಹಿತೊರಿ’, ಇಬ್ಬರು ‘ಫುತರಿ’. ನಮ್ಮಲ್ಲೂ ಒಂದು, ಎರಡು ಬೇರೆ, ಒಬ್ಬರು, ಇಬ್ಬರು ಬೇರೆ. ಕನ್ನಡದವರಿಗೆ ಇದು ಕಷ್ಟವಾಗಬಾರದು.

ಹಾಗಾದರೆ ಬಹುವಚನದ ಪ್ರತ್ಯಯವೇ ಇಲ್ಲವೇ? ‘ತಚಿ’ ಇದೆ. ಹೆಚ್ಚಾಗಿ ಮನುಷ್ಯರಿಗೆ, ಅಕ್ಕರೆಯಿಂದ ಪ್ರಾಣಿಗಳಿಗೆ. ಕೊಡೊಮೊ ಅಂದರೆ ಮಗು, ಕೊಡೊಮೊತಚಿ ಅಂದರೆ ಮಕ್ಕಳು. ಕೊಡೆಗೂ ಕಾಫಿಗೂ ಇದನ್ನು ಹಚ್ಚಬೇಡಿ. ಎಣಿಕೆ ಹೇಳಿದ ಮೇಲೆ ಇದರ ಅಗತ್ಯವೂ ಇಲ್ಲ. ಮೂವರು ಮಕ್ಕಳಿದ್ದಾರೆ ಅನ್ನಲು ‘ಕೊಡೊಮೊ ಗ ಸನ್‌ನಿನ್ ಇಮಸು’ ಅಂದರಾಯಿತು. ಹಿರಿಯರನ್ನು ಗೌರವದಿಂದ ಹೇಳುವಾಗ ‘ಗತ’: ಸೆನ್ಸೇ ಅಂದರೆ ಗುರು, ಹಲವರಾದರೆ ಸೆನ್ಸೇಗತ. ಆದರೆ ನಾವು ಒಬ್ಬರನ್ನೇ ‘ಗುರುಗಳು’ ಅನ್ನುವಂತೆ ಇದನ್ನು ಒಬ್ಬರಿಗೆ ಹೇಳುವಂತಿಲ್ಲ.

ತಚಿ ವಿಷಯದಲ್ಲಿ ನಾನೊಮ್ಮೆ ಎಡವಿದೆ. ‘ತನಕ-ಸನ್-ತಚಿ’ ಬರುತ್ತಾರೆ ಅಂತ ಸಂದೇಶ ಬಂತು. (ಇಲ್ಲಿ ‘ಸನ್’ ಮೂರಲ್ಲ, ಹೆಸರಿಗೆ ಸೇರಿಸುವ ಗೌರವದ ಮಾತು.) ಎಲ್ಲರೂ ತನಕ ಮನೆತನದವರು, ಒಂದೇ ಕುಟುಂಬ ಅಂದುಕೊಂಡು ದೊಡ್ಡ ಕೋಣೆಯೊಂದನ್ನೇ ಸಿದ್ಧಮಾಡಿದೆ. ಬಂದವರು ತನಕ ಮತ್ತು ಅವರ ಮೂವರು ಸ್ನೇಹಿತರು. ಹೊತ್ತು ಮುಳುಗಿದ ಮೇಲೆ ಇನ್ನೊಂದು ಕೋಣೆ ಗುಡಿಸಿ ಹಾಸಿಗೆ ಹಾಕಬೇಕಾಯಿತು. ಹೆಸರಿನ ಕೊನೆಗೆ ತಚಿ ಬಂದರೆ ‘ಅವರೂ ಅವರ ಜೊತೆಯವರೂ’ ಅಂತ ಅರ್ಥ. ‘ಕಾವೇರಕ್ಕ ಅವರೆಲ್ಲ ಬರ್ತಾರೆ’ ಅಂದರೆ ಬರುವವರೆಲ್ಲ ಕಾವೇರಕ್ಕ ಅಲ್ಲವಲ್ಲ, ಹಾಗೆ.

ಕೆಲವು ಪದಗಳು ತಾವೇ ಎರಡು ಸಲ ಬರುತ್ತವೆ. ಹಿತೊ ಅಂದರೆ ಮನುಷ್ಯ, ಹಿತೊಬಿತೊ ಅಂದರೆ ಜನರು. ಕಿ ಅಂದರೆ ಮರ, ಕಿಗಿ ಅಂದರೆ ಮರಗಳು. ನಮ್ಮ ‘ಮನೆಮನೆ’ಯಂತೆ ಕಂಡರೂ ‘ಪ್ರತಿಯೊಂದೂ’ ಅನ್ನುವುದಲ್ಲ, ಹಲವು ಅನ್ನುವುದು ಇದರ ಅರ್ಥ. ಎಲ್ಲ ಪದವನ್ನೂ ಹೀಗೆ ಮಾಡಲು ಬರುವುದಿಲ್ಲ, ಕೇಳಿದ್ದನ್ನಷ್ಟೇ ಬಳಸಿ. ನಾನು ಇದನ್ನು ಮೊದಲು ಕೇಳಿದ್ದು ನಮ್ಮ ಅಂಗಳದಲ್ಲೇ. ಬೆಳಿಗ್ಗೆ ಮಂಜು ಸರಿದು ಬೆಟ್ಟದ ಹಿಂದೆ ಬೆಟ್ಟ ಕಾಣುತ್ತಿತ್ತು. ಕಾಫಿ ಲೋಟ ಹಿಡಿದು ನಿಂತಿದ್ದ ಅತಿಥಿಯೊಬ್ಬರು ಮೆಲ್ಲಗೆ ಅಂದರು: ‘ಯಮಯಮ’.