ಸ್ಪೈಕ್ಸ್ ಹಾಕೋ ಮುಂಚೆ ಒಂದು ಮಾತು

ಟ್ರ್ಯಾಕ್ ಸೀಸನ್ ಶುರು, ಹಳೇ ಹುಲಿಗಳೆಲ್ಲ ಸ್ಪೈಕ್ಸ್ (ಅಡಿಯಲ್ಲಿ ಮೊಳೆ ಇರೋ ಓಟದ ಶೂ) ಧೂಳು ಕೊಡವ್ತಿದ್ದೀರಿ ಅಂತ ಗೊತ್ತು. ಸ್ವಲ್ಪ ತಡೀರಿ. ತಿಂಗಳುಗಟ್ಟಲೆ ದಪ್ಪ ಹಿಮ್ಮಡಿಯ ಶೂನಲ್ಲಿ ಓಡಿ, ಮೊದಲ ದಿನವೇ ಸ್ಪೈಕ್ಸ್ ಹಾಕಿ 200 ಮೀಟರ್ ಬಿದ್ದಂಬೀಳ ಓಡಿದ್ರೆ ಮೀನಖಂಡ ಹಿಡ್ಕೊಳ್ಳತ್ತೆ. ಸ್ಪೈಕ್ಸ್‌ನಲ್ಲಿ ಹಿಮ್ಮಡಿ ತಗ್ಗು, ಎಳೆತವೆಲ್ಲ ಮೀನಖಂಡಕ್ಕೇ. ಹೋದ ವರ್ಷ ನಾನು ಮೂರು ವಾರ ಮೆಟ್ಟಿಲನ್ನ ಪಕ್ಕಕ್ಕೆ ತಿರುಗಿ, ಏಡಿ ಥರ ಇಳಿದೆ!

ಮೊದಲೆರಡು ವಾರ ಚೆನ್ನಾಗಿ ವಾರ್ಮಪ್ ಮಾಡಿ, ಸ್ಪೈಕ್ಸ್‌ನಲ್ಲಿ 60 ಮೀಟರಿನ ನಾಲ್ಕೇ ಓಟ, ಅದೂ ಮುಕ್ಕಾಲು ವೇಗದಲ್ಲಿ. ಮಾರನೇ ದಿನ ಬೆಳಗ್ಗೆ ಹಿಮ್ಮಡಿ ಬಿಗಿದಿದ್ರೆ ಅವತ್ತು ನಡಿಗೆ ಸಾಕು.

ಅಂದಹಾಗೆ, ಗುಂಡು ಎಸೆಯೋರಿಗೆ: ಹಿರಿಯರ ಕೂಟಗಳಲ್ಲಿ 50ರಿಂದ 59 ವಯಸ್ಸಿನ ಗಂಡಸರಿಗೆ ಗುಂಡು 7.26 ಕೆಜಿ ಅಲ್ಲ, 6 ಕೆಜಿ. ಈಗಿಂದ್ಲೇ ಅದರಲ್ಲೇ ಎಸೀರಿ.